ಸಿಗಡಿ ಸಿಪ್ಪೆ: ಕೈಟೋಸಾನ್ ಘಟಕ ಕಟ್ಟುವುದೋ, ಒಣಗಿಸಿ ಘಟ್ಟ ಹತ್ತಿಸುವುದೋ?

ಬಂದರುಬದಿ (ಕಾರವಾರ) ಬರೆದದ್ದು:

ಮಾನ್ಯ ಸದಸ್ಯರೇ, ನಮ್ಮ ಕಡೆಯ ಸಿಗಡಿ ಸುಲಿಯುವ ಹೆಂಗಸರ ಸ್ವಸಹಾಯ ಸಂಘದ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ತಲೆ, ಸಿಪ್ಪೆ, ಬಾಲ ಎಲ್ಲ ಸೇರಿದರೆ ಸಿಗಡಿಯ ಒಟ್ಟು ತೂಕದ ಹತ್ತಿರಹತ್ತಿರ ಅರ್ಧದಷ್ಟು ಕಸವಾಗುತ್ತದೆ ಎಂಬುದು ಈ ಕೆಲಸದಲ್ಲಿರುವವರಿಗೆಲ್ಲ ತಿಳಿದ ಸಂಗತಿ. ಅದರಲ್ಲಿ ಒಂದಿಷ್ಟು ಅಗ್ಗದ ದರಕ್ಕೆ ಫಿಶ್‌ಮಿಲ್‌ಗೆ (ಮೀನಿನ ಪುಡಿ ಮಾಡುವ ಕಾರ್ಖಾನೆಗೆ) ಹೋಗುತ್ತದೆ, ಒಂದಿಷ್ಟು ತೆಂಗಿನ ಬುಡ ಸೇರುತ್ತದೆ, ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸಂಜೆ ಬಂದರಿನ ಬದಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯುವವರು ಬಲ್ಲರು.

ಈಚೆಗೆ ಯೋಜನಾ ವರದಿ ಬರೆದುಕೊಡುವ ಒಬ್ಬರು ಬಂದು, ಈ ಸಿಪ್ಪೆಯಿಂದ ಕೈಟೋಸಾನ್ ಎಂಬ ವಸ್ತುವನ್ನು ತಯಾರಿಸಬಹುದು, ಅದು ಗಾಯದ ಪಟ್ಟಿಗೆ, ನೀರು ಶುದ್ಧೀಕರಣಕ್ಕೆ, ಕೃಷಿಗೆ ಬೇಕಾಗುವಂಥದ್ದು, ಸಾಲಕ್ಕೂ ಸಹಾಯಧನಕ್ಕೂ ದಾರಿ ಇದೆ ಎಂದು ಹೇಳಿಹೋಗಿದ್ದಾರೆ. ಸಂಘದ ಅರ್ಧ ಜನರಿಗೆ ಉತ್ಸಾಹ ಬಂದಿದೆ, ಉಳಿದವರಿಗೆ ಅನುಮಾನ. ವರದಿಯಲ್ಲಿ ಯಂತ್ರಗಳ ಬೆಲೆಯೂ ಉತ್ಪನ್ನದ ಬೆಲೆಯೂ ಇವೆ, ನಡುವಿನ ಕೆಲಸದ ವಿವರಣೆ ಮಾತ್ರ ಒಂದೇ ಪುಟದಲ್ಲಿ ಮುಗಿದುಹೋಗಿದೆ. ಆ ನಡುವಿನ ಭಾಗವನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿಕೊಡಬೇಕು.

ರಸಾಯನಪಾಠ (ಕುಮಟಾ) ಬರೆದದ್ದು:

ಬಂದರುಬದಿಯವರೇ, ನೀವು ಬೆರಳಿಟ್ಟಿರುವುದು ಸರಿಯಾದ ಜಾಗದಲ್ಲಿಯೇ. ಆ ಒಂದು ಪುಟದಲ್ಲಿ ಅಡಗಿರುವುದೇ ಇಡೀ ಉದ್ಯಮ.

ಒಣಗಿದ ಸಿಗಡಿ ಸಿಪ್ಪೆಯಲ್ಲಿ ಮುಖ್ಯವಾಗಿ ಮೂರು ವಸ್ತುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ: ಪ್ರೋಟೀನು, ಸುಣ್ಣಕಲ್ಲಿನಲ್ಲಿರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟು, ಮತ್ತು ಕೈಟೋಸಾನ್‌ಗೆ ಮೂಲವಾದ ನಾರಿನಂಥ ವಸ್ತು ಕೈಟಿನ್. ಸಿಗಡಿಯ ಜಾತಿ, ತಲೆಯ ಪಾಲು ಮುಂತಾದವುಗಳಿಗೆ ತಕ್ಕಂತೆ ಇವುಗಳ ಪ್ರಮಾಣ ಸಾಕಷ್ಟು ಏರಿಳಿಯುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು, ನೂರು ಕಿಲೋ ಹಸಿ ಸಿಪ್ಪೆ ಒಣಗಿ ಇಪ್ಪತ್ತೈದು ಕಿಲೋ ಆಯಿತೆಂದೂ ಅದರಲ್ಲಿ ಸುಮಾರು 10 ಕಿಲೋ ಕಾರ್ಬೊನೇಟು, 9 ಕಿಲೋ ಪ್ರೋಟೀನು, 5 ಕಿಲೋ ಕೈಟಿನ್ ಇದೆಯೆಂದೂ ಇಟ್ಟುಕೊಳ್ಳೋಣ. ವಾಸ್ತವಕ್ಕೆ ಇದು ತೀರಾ ದೂರದ ಅಂದಾಜೇನೂ ಅಲ್ಲ.

ಕೈಟಿನ್ ಬೇಕಾದರೆ ಉಳಿದೆರಡನ್ನೂ ಕರಗಿಸಿ ಹೊರಹಾಕಬೇಕು. ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುವುದು ಹೈಡ್ರೋಕ್ಲೋರಿಕ್ ಆಮ್ಲ. ಒಂದು ಕಿಲೋ ಕಾರ್ಬೊನೇಟಿಗೆ 0.73 ಕಿಲೋ ಶುದ್ಧ ಆಮ್ಲ ಬೇಕೆಂಬುದು ರಾಸಾಯನಿಕ ಸಮೀಕರಣವೇ ಹೇಳುವ ಮಾತಾಗಿರುವುದರಿಂದ, ಎಂಥ ಒಳ್ಳೆಯ ಯಂತ್ರ ತಂದರೂ ಅದರಲ್ಲಿ ಉಳಿತಾಯ ಮಾಡಲು ಬರುವುದಿಲ್ಲ. ಹತ್ತು ಕಿಲೋಗೆ 7.3 ಕಿಲೋ ಆಯಿತು. ಪೇಟೆಯಲ್ಲಿ ಸಿಗುವ ಶೇ. 33ರ ಆಮ್ಲದ ಲೆಕ್ಕದಲ್ಲಿ 22 ಕಿಲೋ. ಪ್ರೋಟೀನನ್ನು ತೆಗೆಯಲು ತೆಳುವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಬೇಕು. ಇಷ್ಟಾದರೂ ಕೈಯಲ್ಲಿರುವುದು ಕೈಟಿನ್ ಮಾತ್ರ, ಅದು ನೀರಿನಲ್ಲಾಗಲಿ ವಿನೆಗರ್‌ನಂಥ ತೆಳು ಆಮ್ಲದಲ್ಲಾಗಲಿ ಕರಗುವುದಿಲ್ಲ. ಅದನ್ನು ಕೈಟೋಸಾನ್ ಮಾಡಲು ಶೇ. 40ರಿಂದ 50ರಷ್ಟು ಗಟ್ಟಿಯಾದ ಕಾಸ್ಟಿಕ್ ದ್ರಾವಣದಲ್ಲಿ, ಕೈಟಿನ್ ತೂಕದ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ದ್ರಾವಣ ಹಿಡಿದು, ಸುಮಾರು ನೂರು ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಈ ಹಂತದಲ್ಲಿ ಕೈಟಿನ್ ಅಣುವಿನ ಒಂದು ಭಾಗ (ಅಸಿಟೈಲ್ ಗುಂಪು) ಕಳಚಿಹೋಗುವುದರಿಂದ 5 ಕಿಲೋ ಕೈಟಿನ್ ಪೂರ್ತಿಯಾಗಿ ಬದಲಾದರೂ ಸಿಗುವುದು ಹೆಚ್ಚೆಂದರೆ 4 ಕಿಲೋ ಕೈಟೋಸಾನ್.

ಅಂದರೆ, ನೂರು ಕಿಲೋ ಹಸಿ ಸಿಪ್ಪೆಗೆ ನಾಲ್ಕು ಕಿಲೋ ಸರಕು. ಹಿಂದೆ ಉಳಿಯುವುದು 11 ಕಿಲೋ ಕ್ಯಾಲ್ಸಿಯಂ ಕ್ಲೋರೈಡು ಕರಗಿರುವ ಆಮ್ಲದ ನೀರು, ಪ್ರೋಟೀನು ಕರಗಿ ಕೊಳೆಯಲು ಕಾದಿರುವ ಕ್ಷಾರದ ನೀರು, ಮತ್ತು ಪ್ರತಿ ಹಂತದ ನಡುವೆ ಆಮ್ಲ ಅಥವಾ ಕ್ಷಾರದ ಅಂಶ ಹೋಗುವವರೆಗೆ ತೊಳೆದ ರಾಶಿ ನೀರು. ವರದಿಯಲ್ಲಿ ಈ ನೀರಿಗೆ ಎಷ್ಟು ಹಣ ಇಟ್ಟಿದ್ದಾರೆ ಎಂಬುದನ್ನು ಮೊದಲು ನೋಡಿರಿ.

ಅಘನಾಶಿನಿ ತೀರ ಬರೆದದ್ದು:

ಕುಮಟಾದ ರಸಾಯನಪಾಠ ಮೇಷ್ಟ್ರು ಹೇಳಿದ ರಾಶಿ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮಂಥವರ ಪ್ರಶ್ನೆ. ಕಾಳಿಯಿಂದ ಶರಾವತಿಯವರೆಗೆ ನಮ್ಮ ಜಿಲ್ಲೆಯ ಅಳಿವೆಗಳೆಲ್ಲ ಮೀನು ಮರಿಯಾಗುವ, ಚಿಪ್ಪು ಹೆಕ್ಕುವ, ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಜಾಗಗಳು. ಅಘನಾಶಿನಿಯ ಅಳಿವೆಯನ್ನು 2024ರಲ್ಲಿ ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಘೋಷಿಸಲಾಗಿದೆ. ಉಬ್ಬರದಲ್ಲಿ ಒಳಗೆ ಬಂದ ನೀರು ಇಳಿತದಲ್ಲಿ ಪೂರ್ತಿ ಹೊರಗೆ ಹೋಗುತ್ತದೆ ಎಂದು ಭಾವಿಸಿ ತ್ಯಾಜ್ಯ ಬಿಟ್ಟವರು, ಅದು ಮರುದಿನದ ಉಬ್ಬರಕ್ಕೆ ಹಿಂದಿರುಗುವುದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಕಡಲತೀರ ನಿಯಂತ್ರಣ ವಲಯದ 2019ರ ಅಧಿಸೂಚನೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಘಟಕ ಕಟ್ಟುವ ಮೊದಲೊಮ್ಮೆ, ನಡೆಸುವ ಮೊದಲೊಮ್ಮೆ ಸಮ್ಮತಿ ಪಡೆಯಬೇಕಾಗಿದೆ. ಸಿಗಡಿ ಸುಲಿಯುವ ಶೆಡ್ಡಿನ ಹಿಂಭಾಗದಲ್ಲಿ ಆಮ್ಲದ ಟ್ಯಾಂಕು ಇಡುವ ಯೋಜನೆಗೆ ಇವು ಸುಲಭವಾಗಿ ಸಿಗಬಾರದು ಎಂಬುದೇ ನನ್ನ ಅಭಿಪ್ರಾಯ. ಕಸ ಕೊಳೆತು ನಾರುವುದಕ್ಕಿಂತ ಇದು ಮೇಲು ಎಂದು ವಾದಿಸುವವರಿದ್ದಾರೆ. ಕೊಳೆತ ಸಿಪ್ಪೆಯನ್ನು ಏಡಿಯಾದರೂ ತಿನ್ನುತ್ತದೆ.

ಬಂದರುಬದಿ (ಕಾರವಾರ) ಬರೆದದ್ದು:

ಇಬ್ಬರಿಗೂ ಧನ್ಯವಾದಗಳು. ವರದಿಯನ್ನು ಮತ್ತೆ ತೆರೆದು ನೋಡಿದೆ, ತ್ಯಾಜ್ಯ ನೀರಿಗೆ "ಇತರೆ ವೆಚ್ಚ" ಎಂಬ ಸಾಲಿನಲ್ಲಿ ವಿದ್ಯುತ್ತು, ದೂರವಾಣಿಗಳ ಜೊತೆ ಜಾಗ ಸಿಕ್ಕಿದೆ. ಆದರೆ ಆಮ್ಲವೇ ಇಲ್ಲದೆ, ಮೊಸರಿನಲ್ಲಿರುವಂಥ ಬ್ಯಾಕ್ಟೀರಿಯಾ ಹಾಕಿ ಹುದುಗಿಸಿ ಕೈಟಿನ್ ತೆಗೆಯುವ ಪದ್ಧತಿಯೂ ಇದೆಯಂತೆ. ಅದು ನಿಜವೇ? ನಿಜವಾದರೆ ನಮ್ಮಂಥವರಿಗೆ ಆಗಿಬರುವಂಥದ್ದೇ?

ರಸಾಯನಪಾಠ (ಕುಮಟಾ) ಬರೆದದ್ದು:

ನಿಜ. ಸಿಪ್ಪೆಗೆ ಬೆಲ್ಲದಂಥ ಯಾವುದಾದರೂ ಸಕ್ಕರೆಯ ಮೂಲವನ್ನು ಸೇರಿಸಿ ಲ್ಯಾಕ್ಟೋಬ್ಯಾಸಿಲಸ್ ಬೆಳೆಸಿದರೆ, ಅದು ಹುಟ್ಟಿಸುವ ಲ್ಯಾಕ್ಟಿಕ್ ಆಮ್ಲ ಕಾರ್ಬೊನೇಟನ್ನು ಕರಗಿಸುತ್ತದೆ. ಜೊತೆಗೆ ಸಿಗಡಿಯ ತಲೆಯಲ್ಲೇ ಇರುವ ಕಿಣ್ವಗಳು ಪ್ರೋಟೀನನ್ನು ಒಡೆದು ದ್ರವವಾಗಿಸುತ್ತವೆ. ಆ ದ್ರವ ಕೋಳಿಯ ಅಥವಾ ಮೀನಿನ ಆಹಾರಕ್ಕೆ ಬರುತ್ತದೆ, ಕೆಂಪು ಬಣ್ಣದ ಆಸ್ಟಾಕ್ಸಾಂಥಿನ್ ಕೂಡ ಹಾಳಾಗದೆ ಉಳಿಯುತ್ತದೆ. ಇದರಲ್ಲಿ ವಿಷಕಾರಿಯಾದದ್ದು ಏನೂ ಇಲ್ಲ. ಆದರೆ ಕಾರ್ಬೊನೇಟೂ ಪ್ರೋಟೀನೂ ಪೂರ್ತಿಯಾಗಿ ಹೋಗುವುದಿಲ್ಲವಾದ್ದರಿಂದ ಕೊನೆಯಲ್ಲಿ ತೆಳು ಆಮ್ಲ, ತೆಳು ಕ್ಷಾರಗಳನ್ನು ಸ್ವಲ್ಪವಾದರೂ ಬಳಸಬೇಕಾಗುತ್ತದೆ, ಕೈಟೋಸಾನ್ ಮಾಡುವ ಗಟ್ಟಿ ಕಾಸ್ಟಿಕ್ ಹಂತವಂತೂ ಹಾಗೆಯೇ ಉಳಿಯುತ್ತದೆ.

ಇನ್ನೊಂದು ವಿಷಯ, ಇದನ್ನು ಬೆಲೆ ಹೇಳುವವರು ಹೇಳುವುದಿಲ್ಲ. ಕೈಟೋಸಾನ್ ಎಂಬುದು ಒಂದೇ ಸರಕಲ್ಲ. ಕೊಳ್ಳುವವರು ಅಸಿಟೈಲ್ ಗುಂಪು ಎಷ್ಟು ಪಾಲು ಕಳಚಿದೆ, ಕರಗಿಸಿದಾಗ ದ್ರಾವಣ ಎಷ್ಟು ಮಂದವಾಗುತ್ತದೆ, ಸುಟ್ಟರೆ ಎಷ್ಟು ಬೂದಿ ಉಳಿಯುತ್ತದೆ, ಭಾರಲೋಹ ಎಷ್ಟಿದೆ ಎಂದು ಕೇಳುತ್ತಾರೆ. ರಕ್ತ ನಿಲ್ಲಿಸುವ ಪಟ್ಟಿಗೆ ಬೇಕಾದ ದರ್ಜೆ ಬೇರೆ, ಕೆಸರು ನೀರನ್ನು ತಿಳಿಗೊಳಿಸಲು ಬೇಕಾದ ದರ್ಜೆ ಬೇರೆ. ಯೋಜನಾ ವರದಿಗಳಲ್ಲಿ ಸಾಮಾನ್ಯವಾಗಿ ತಯಾರಿಸುವುದು ಎರಡನೆಯದಾದರೂ ಬೆಲೆ ಹಾಕುವುದು ಮೊದಲನೆಯದರದ್ದು. ಪ್ರತಿ ಸಲವೂ ಒಂದೇ ಗುಣಮಟ್ಟ ಬರಬೇಕಾದರೆ ಒಳಗೆ ಹೋಗುವ ಸಿಪ್ಪೆಯೂ ಒಂದೇ ಗುಣದ್ದಾಗಿರಬೇಕು. ಬೆಳಿಗ್ಗೆ ಸುಲಿದ ಸಿಪ್ಪೆ ಸಂಜೆಯವರೆಗೆ ಬಿಸಿಲಿನ ರಾಶಿಯಲ್ಲಿದ್ದರೆ ಬ್ಯಾಕ್ಟೀರಿಯಾಗಳು ಕೈಟಿನನ್ನೂ ಕಡಿಯಲು ಆರಂಭಿಸಿರುತ್ತವೆ.

ಈ ತಂತ್ರಜ್ಞಾನದ ಬಗ್ಗೆ ನೇರವಾಗಿ ಕೇಳಬೇಕೆಂದರೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ಸಿಗಡಿ ಸಿಪ್ಪೆಯ ಕೈಟಿನ್, ಕೈಟೋಸಾನ್‌ಗಳ ಮೇಲೆ ಬಹುಕಾಲದಿಂದ ಕೆಲಸ ಮಾಡಿದ್ದಾರೆ. ಸಂಘದ ಇಬ್ಬರು ಅಲ್ಲಿಗೆ ಹೋಗಿ ಬರುವ ಖರ್ಚು ಯೋಜನಾ ವರದಿಯ ಶುಲ್ಕಕ್ಕಿಂತ ಕಡಿಮೆಯೇ ಆದೀತು.

ಗೇರುಮನೆ (ಅಂಕೋಲಾ) ಬರೆದದ್ದು:

ನಾನು ಸಿಗಡಿಯ ಬಗ್ಗೆ ಮಾತನಾಡುವ ಅರ್ಹತೆ ಇಲ್ಲದವನು, ನಮ್ಮದು ಗೇರುಬೀಜದ ಕಾರ್ಖಾನೆ. ಆದರೂ ಈ ಚರ್ಚೆಗೆ ನಮ್ಮ ಸಿಪ್ಪೆಯ ಕಥೆ ಉಪಯೋಗಕ್ಕೆ ಬರಬಹುದೆಂದು ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಎಂಬತ್ತು ಕಿಲೋದ ಒಂದು ಚೀಲ ಹಸಿಬೀಜದಿಂದ ಇಪ್ಪತ್ತು ಕಿಲೋದ ಆಸುಪಾಸು ತಿರುಳು ಸಿಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಸಿಪ್ಪೆ. ಆ ಸಿಪ್ಪೆಯ ಜೇನುಗೂಡಿನಂಥ ಪದರದಲ್ಲಿ ಚರ್ಮ ಸುಡುವ ಕಪ್ಪು ಎಣ್ಣೆ ತುಂಬಿಕೊಂಡಿರುತ್ತದೆ. ಹಳಬರು ಇದನ್ನು ದೋಣಿಯ ಮರ ಹುಳು ಹಿಡಿಯದಂತೆ ಬಳಿಯುತ್ತಿದ್ದರು, ಉಳಿದ ಸಿಪ್ಪೆ ಒಲೆಗೆ ಹೋಗುತ್ತಿತ್ತು. ಎಣ್ಣೆಯ ಸಮೇತ ಸುಟ್ಟಾಗ ಬರುವ ಘಾಟು ಹೊಗೆಯನ್ನು ಕಾರ್ಖಾನೆಯ ಅಕ್ಕಪಕ್ಕದವರು ಮರೆತಿರಲಾರರು.

ಈ ಎಣ್ಣೆಯ ಮುಖ್ಯ ಭಾಗ ಅನಕಾರ್ಡಿಕ್ ಆಮ್ಲ. ಕಾಯಿಸಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಕಾರ್ಡನಾಲ್ ಆಗುತ್ತದೆ. ಕಾರ್ಡನಾಲ್ ಒಂದು ಕಡೆ ಫೀನಾಲ್, ಇನ್ನೊಂದು ಕಡೆ ಹದಿನೈದು ಇಂಗಾಲಗಳ ಉದ್ದನೆಯ ಬಾಲ. ಫೀನಾಲಿನ ಭಾಗ ರಾಳವಾಗಿ ಗಟ್ಟಿಯಾಗುತ್ತದೆ, ಬಾಲದ ಭಾಗ ಅದಕ್ಕೆ ಬಾಗುವ ಗುಣವನ್ನೂ ನೀರನ್ನು ದೂರವಿಡುವ ಗುಣವನ್ನೂ ಕೊಡುತ್ತದೆ. ಲಾರಿಯ ಬ್ರೇಕ್ ಲೈನಿಂಗಿನಲ್ಲಿ ಬಳಸುವ ಘರ್ಷಣೆಯ ಪುಡಿ, ಒದ್ದೆ ಕಬ್ಬಿಣದ ಮೇಲೂ ಹಿಡಿದು ನಿಲ್ಲುವ ಹಡಗಿನ ಎಪಾಕ್ಸಿ ಬಣ್ಣದ ಗಟ್ಟಿಕಾರಕ, ಇವೆಲ್ಲ ಇದರಿಂದಲೇ ಬರುತ್ತವೆ.

ನಾನು ಹೇಳಬೇಕೆಂದಿರುವುದು ಇದರ ಮುಂದಿನ ಮಾತು. ಕಾರ್ಡನಾಲನ್ನು ನಾವು ಯಾರೂ ತಯಾರಿಸುವುದಿಲ್ಲ. ನಾವು ಸಿಪ್ಪೆಯನ್ನು ಒಣಗಿಸಿ, ಕಲ್ಲು ಮಣ್ಣು ಸೇರದಂತೆ ಚೀಲ ತುಂಬಿ ಮಾರುತ್ತೇವೆ. ಹಲವು ಕಾರ್ಖಾನೆಗಳ ಸಿಪ್ಪೆ ಸೇರಿಸಿಕೊಂಡು ಎಕ್ಸ್‌ಪೆಲ್ಲರ್‌ನಲ್ಲಿ ಅರೆದು ಸಿಪ್ಪೆಯ ತೂಕದ ಸುಮಾರು ಐದನೇ ಒಂದು ಪಾಲು ಎಣ್ಣೆ ತೆಗೆಯುವವರು ಬೇರೆ, ಆ ಎಣ್ಣೆಯನ್ನು ಬಟ್ಟಿಯಿಳಿಸಿ ಕಾರ್ಡನಾಲ್ ಮಾಡುವವರು ಇನ್ನೂ ಬೇರೆ. ಎಣ್ಣೆ ಹೋದ ಹಿಂಡಿ ಬಾಯ್ಲರಿನ ಉರುವಲಾಗುತ್ತದೆ. ಬೀಜ ಬೇಯಿಸುವ ಪ್ರತಿಯೊಂದು ಸಣ್ಣ ಕಾರ್ಖಾನೆಯೂ ತನ್ನದೇ ರಾಳದ ಘಟಕ ಕಟ್ಟಲು ಹೊರಟಿದ್ದರೆ ಸಾಲಗಾರರಾಗಿ ಮುಗಿದುಹೋಗುತ್ತಿದ್ದೆವು. ನಮಗೆ ಸಿಗುವ ಬೆಲೆ ಕಡಿಮೆ ಎಂದು ಗೊಣಗುತ್ತೇವೆ, ಅದು ಬೇರೆ ವಿಷಯ. ಒಣಗಿದ ಒಳ್ಳೆಯ ಸಿಪ್ಪೆಗೆ ದರ ಇದೆ, ಒದ್ದೆ ಸಿಪ್ಪೆಗೆ ಇಲ್ಲ ಎಂಬುದನ್ನಂತೂ ಕಲಿತಿದ್ದೇವೆ.

ಗೇರುಹಣ್ಣಿನ ವಿಷಯದಲ್ಲಿ ಮಾತ್ರ ನಾವು ಇನ್ನೂ ಏನನ್ನೂ ಸಾಧಿಸಿಲ್ಲ. ಬೀಜಕ್ಕಿಂತ ಹಲವು ಪಟ್ಟು ತೂಕದ ಹಣ್ಣು ಒಂದೇ ದಿನದಲ್ಲಿ ಹುಳಿತುಹೋಗುತ್ತದೆ, ಗಡಿಯಾಚೆಯ ಗೋವಾದಲ್ಲಿ 2009ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಫೆನಿ ಆಗುವ ಹಣ್ಣು ನಮ್ಮ ಕಡೆ ಮರದ ಬುಡದಲ್ಲಿ ಗೊಬ್ಬರವಾಗುತ್ತದೆ.

ಹುಲೇಕಲ್ ತೋಟ (ಶಿರಸಿ) ಬರೆದದ್ದು:

ಎಲ್ಲವನ್ನೂ ಓದಿದೆ. ಮೇಷ್ಟ್ರು ಕೊಟ್ಟ ಲೆಕ್ಕದಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಹತ್ತು ಕಿಲೋ ಕಾರ್ಬೊನೇಟನ್ನು ಕರಗಿಸಿ ಚೆಲ್ಲಲು ನೀವು ಇಪ್ಪತ್ತೆರಡು ಕಿಲೋ ಆಮ್ಲ ಕೊಳ್ಳಬೇಕು ಎನ್ನುತ್ತೀರಿ. ಘಟ್ಟದ ಮೇಲೆ ಮಳೆ ಹೊಡೆದು ಹುಳಿಯಾದ ನಮ್ಮ ತೋಟದ ಮಣ್ಣಿಗೆ ನಾವು ದುಡ್ಡು ಕೊಟ್ಟು ಸುಣ್ಣ ತರುತ್ತೇವೆ. ನೀವು ಚೆಲ್ಲಲು ಖರ್ಚು ಮಾಡುವ ವಸ್ತುವೂ ನಾವು ಕೊಳ್ಳಲು ಖರ್ಚು ಮಾಡುವ ವಸ್ತುವೂ ಒಂದೇ ಅಲ್ಲವೇ? ಪ್ರೋಟೀನು ಎಂದರೆ ಸಾರಜನಕ, ಅದೂ ನಮಗೆ ಬೇಕು. ಹಾಗಿದ್ದ ಮೇಲೆ ಸಿಪ್ಪೆಯನ್ನು ಬಿಡಿಸುವುದಾದರೂ ಏಕೆ, ಒಣಗಿಸಿ ಪುಡಿ ಮಾಡಿ ದೇವಿಮನೆ ಘಟ್ಟ ಹತ್ತಿಸಿದರೆ ಆಗದೇ?

ಇನ್ನೊಂದು ಪ್ರಶ್ನೆ. ಕೈಟೋಸಾನ್ ಸಿಂಪಡಿಸಿದರೆ ಅಡಿಕೆಯ ಕೊಳೆರೋಗ ನಿಲ್ಲುತ್ತದೆ, ಬೋರ್ಡೋ ದ್ರಾವಣವೇ ಬೇಡ ಎಂದು ಒಬ್ಬ ಮಾರಾಟಗಾರ ನಮ್ಮ ಊರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ. ನಂಬಬಹುದೇ?

ಬೇರುಬುಡ (ಶಿರಸಿ) ಬರೆದದ್ದು:

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಸಸ್ಯರೋಗಶಾಸ್ತ್ರ ಓದಿದವನಾದ್ದರಿಂದ ಈ ವಾದ ನನಗೆ ಹಳೆಯ ಪರಿಚಯ. ಶಿಲೀಂಧ್ರಗಳ ಜೀವಕೋಶದ ಗೋಡೆಯಲ್ಲಿ ಕೈಟಿನ್ ಇರುತ್ತದೆ; ಗಿಡಕ್ಕೆ ಕೈಟೋಸಾನ್ ತಾಗಿದಾಗ ಶಿಲೀಂಧ್ರ ಬಂತೆಂದು ಎಚ್ಚೆತ್ತು ಕೈಟಿನ್ ಕತ್ತರಿಸುವ ಕಿಣ್ವಗಳನ್ನು ಹೊರಬಿಡುತ್ತದೆ, ಅದರಿಂದ ರೋಗಾಣು ಸಾಯುತ್ತದೆ ಎಂಬುದು ಮಾರಾಟಗಾರರ ವಿವರಣೆ. ನಿಜವಾದ ಶಿಲೀಂಧ್ರಗಳಿಗೆ ಅದು ಒಪ್ಪುವ ಮಾತು. ಆದರೆ ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಊಮೈಸೀಟ್ ಎಂಬ ಬೇರೆಯೇ ಗುಂಪಿನ ಜೀವಿ. ಅದರ ಗೋಡೆ ಬಹುಪಾಲು ಗ್ಲೂಕನ್ ಮತ್ತು ಸೆಲ್ಯುಲೋಸಿನದು. ಕೈಟಿನ್ ಕತ್ತರಿಸುವ ಕತ್ತರಿಗೆ ಅಲ್ಲಿ ಕತ್ತರಿಸಲು ಸಿಗುವುದು ಬಹಳ ಕಡಿಮೆ. ಪ್ರಯೋಗಾಲಯದ ತಟ್ಟೆಯಲ್ಲಿ ಕೈಟೋಸಾನ್ ಬೇರೆ ರೀತಿಯಿಂದ ಅದರ ಬೆಳವಣಿಗೆಯನ್ನು ತಡೆಯುವುದುಂಟು, ಆಷಾಢದ ಮಳೆಗೆ ಅಡಿಕೆ ಗೊನೆಯ ಮೇಲೆ ಅದನ್ನು ನಿಲ್ಲಿಸುವುದು ಬೇರೆ ಮಾತು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಬೋರ್ಡೋ ಲೆಕ್ಕವನ್ನು ಈ ವರ್ಷವೂ ಬಿಡಬೇಡಿರಿ.

ಮೊದಲನೆಯ ಪ್ರಶ್ನೆ ಇದಕ್ಕಿಂತ ಬಹಳ ಒಳ್ಳೆಯದು, ಮತ್ತು ನಿಮ್ಮ ಕಾಳುಮೆಣಸಿಗೆ ಅದರಿಂದ ಅಡಿಕೆಗಿಂತ ಹೆಚ್ಚು ಲಾಭವಾಗಬಹುದು. ಮೆಣಸಿನ ಬಳ್ಳಿಯ ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳುಗಳಿವೆಯಲ್ಲ, ಅವುಗಳ ಮೊಟ್ಟೆಯ ಚಿಪ್ಪಿನಲ್ಲಿ ಕೈಟಿನ್ ಇದೆ. ಮಣ್ಣಿಗೆ ಸಿಗಡಿ ಸಿಪ್ಪೆಯ ಪುಡಿ ಬಿದ್ದಾಗ ಕೈಟಿನ್ ತಿಂದು ಬದುಕುವ ಸೂಕ್ಷ್ಮಜೀವಿಗಳು, ಅದರಲ್ಲೂ ಆಕ್ಟಿನೋಮೈಸೀಟುಗಳು, ಹೆಚ್ಚಿಕೊಳ್ಳುತ್ತವೆ; ಅವುಗಳ ಕಿಣ್ವಗಳಿಗೆ ಸಿಪ್ಪೆಯ ಕೈಟಿನ್ ಯಾವುದು, ಜಂತುಹುಳುವಿನ ಮೊಟ್ಟೆ ಯಾವುದು ಎಂಬ ಭೇದವಿಲ್ಲ. ಕೈಟಿನ್ ಒಡೆದಾಗ ಮತ್ತು ಪ್ರೋಟೀನು ಕೊಳೆತಾಗ ಬಿಡುಗಡೆಯಾಗುವ ಅಮೋನಿಯಾ ಕೂಡ ಜಂತುಗಳಿಗೆ ಸಹನೆಯಾಗುವುದಿಲ್ಲ. ಸೊರಗು ಹಿಡಿದ ಬಳ್ಳಿಯನ್ನು ಇದು ಬದುಕಿಸುತ್ತದೆ ಎಂದು ತಿಳಿಯಬೇಡಿ, ಹೊಸ ಬಳ್ಳಿಯ ಗುಂಡಿಗೆ ಕೊಟ್ಟಿಗೆ ಗೊಬ್ಬರದ ಜೊತೆ ಹಾಕುವುದಕ್ಕೆ ಇದು ತಕ್ಕ ವಸ್ತು.

ಸಾರಜನಕದ ಲೆಕ್ಕ ಹೇಳುವುದಾದರೆ ಪ್ರೋಟೀನಿನಲ್ಲಿ ಸುಮಾರು ಶೇ. 16, ಕೈಟಿನ್‌ನಲ್ಲಿ ಶೇ. 6.9. ಮೇಷ್ಟ್ರ ಅಂದಾಜಿನ 25 ಕಿಲೋ ಒಣ ಸಿಪ್ಪೆಗೆ ಅಳವಡಿಸಿದರೆ 1.8 ಕಿಲೋದಷ್ಟು, ಅಂದರೆ ಶೇ. 7ರ ಆಸುಪಾಸು ಸಾರಜನಕ. ಪ್ರೋಟೀನಿನದು ಬೇಗ ಸಿಗುತ್ತದೆ, ಕೈಟಿನ್‌ನದು ತಿಂಗಳುಗಟ್ಟಲೆ ನಿಧಾನವಾಗಿ. ಪೊಟ್ಯಾಶ್ ಇದರಲ್ಲಿ ಹೇಳಿಕೊಳ್ಳುವಷ್ಟಿಲ್ಲ, ಒಲೆಯ ಬೂದಿ ಹಾಕುವುದು ತಪ್ಪುವುದಿಲ್ಲ.

ಮುರುಗಲು ಮನೆ (ಸಿದ್ದಾಪುರ) ಬರೆದದ್ದು:

ಸಿಪ್ಪೆ ಬೀಜಗಳ ಮಾತು ಬಂದಿರುವುದರಿಂದ ನಮ್ಮ ಅನುಭವವನ್ನೂ ಸೇರಿಸುತ್ತೇನೆ. ಮುರುಗಲಿನ (ಕೋಕಂ ಹಣ್ಣಿನ) ಸಿಪ್ಪೆಯಿಂದ ಶರಬತ್ತು ಮಾಡುವ ಮನೆಗಳಲ್ಲಿ ಬೀಜ ಕಸವೇ. ಆದರೆ ಆ ಬೀಜದ ತೂಕದ ಸುಮಾರು ಕಾಲು ಭಾಗ ಕೊಬ್ಬು. ಬೀಜವನ್ನು ಒಣಗಿಸಿ, ಸಿಪ್ಪೆ ತೆಗೆದು, ಅರೆದು ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ಆರಿದ ಮೇಲೆ ಬಿಳಿಯ ಗಟ್ಟಿ ಉಂಡೆ ಕಟ್ಟಬಹುದು. ಅಜ್ಜಿಯರು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದ ಮುರುಗಲು ತುಪ್ಪವೇ ಇಂದು ತುಟಿಗೆ ಹಚ್ಚುವ ಮುಲಾಮಿನ ಕಂಪನಿಗಳು ಹುಡುಕಿಕೊಂಡು ಬರುವ ವಸ್ತು. ಕರಗುವ ಶಾಖ ನಾಲ್ವತ್ತು ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ನಮ್ಮ ಬೇಸಿಗೆಯಲ್ಲೂ ಡಬ್ಬದಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಇದಕ್ಕೆ ಆಮ್ಲವೂ ಬೇಡ, ಕ್ಷಾರವೂ ಬೇಡ. ಸಹಾಯಧನದ ಮಾತೆತ್ತಿದ್ದೀರಿ, ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬಂಡವಾಳದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇದ್ದದ್ದು ಆಹಾರದ ಉದ್ದಿಮೆಗೆ. ತಿನ್ನುವ ದರ್ಜೆಯ ತುಪ್ಪಕ್ಕೆ ಅರ್ಜಿ ಹಾಕುವುದಕ್ಕೂ ನೀರು ತಿಳಿಗೊಳಿಸುವ ಕೈಟೋಸಾನ್‌ಗೆ ಅರ್ಜಿ ಹಾಕುವುದಕ್ಕೂ ಅಂತರವಿದೆ.

ಮುರುಗಲಿನದೇ ಜಾತಿಯ ಹುಳಿಕಾಯಿಯಾದ ಉಪ್ಪಾಗೆಯ ವಿಷಯದಲ್ಲಿ ನಡೆದದ್ದನ್ನು ಕೂಡ ಕರಾವಳಿಯವರು ತಿಳಿದಿರುವುದು ಒಳ್ಳೆಯದು. ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂದು ತೊಂಬತ್ತರ ದಶಕದಲ್ಲಿ ಹೊರದೇಶಗಳಿಂದ ಬೇಡಿಕೆ ನುಗ್ಗಿ ಬಂದಾಗ ನಮ್ಮ ಕಾಡಿನ ಮರಗಳ ಟೊಂಗೆಗಳನ್ನೇ ಕಡಿದು ಕಾಯಿ ಇಳಿಸಿದರು, ಸುರಿಯುವ ಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಕಟ್ಟಿಗೆ ಉರಿಸಿದರು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 135 ಜನರ ಮೇಲೆ 12 ವಾರ ನಡೆಸಿದ ಪ್ರಯೋಗ ಪ್ರಕಟವಾಯಿತು. ಉಪ್ಪಾಗೆಯ ಸತ್ವ ತಿಂದವರಿಗೂ ಸತ್ವವಿಲ್ಲದ ಹುಸಿ ಮಾತ್ರೆ ತಿಂದವರಿಗೂ ತೂಕ ಇಳಿದದ್ದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕೈಟೋಸಾನನ್ನೂ ಇದೇ ರೀತಿ ಕೊಬ್ಬು ಹೀರುವ ಮಾತ್ರೆ ಎಂದು ಮಾರುತ್ತಾರೆ. ಯಾರದೋ ಸೊಂಟದ ಸುತ್ತಳತೆಯನ್ನು ನಂಬಿ ಸಾಲ ಮಾಡಬಾರದು ಎಂಬುದು ನನ್ನ ಮಾತು.

ತಿರುಗುಗಾಲಿ (ಹೊನ್ನಾವರ) ಬರೆದದ್ದು:

ಎಲ್ಲರೂ ಸೇರಿ ಕೈಟೋಸಾನನ್ನು ಹೂಳಿಬಿಟ್ಟಂತೆ ಕಾಣುತ್ತಿದೆ, ಆದ್ದರಿಂದ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಗೇರುಮನೆಯವರು ಹೇಳಿದ ವ್ಯವಸ್ಥೆಯಲ್ಲಿ ನಮ್ಮ ಜಿಲ್ಲೆ ಯಾವಾಗಲೂ ಚೀಲ ತುಂಬಿ ಕಳಿಸುವ ಊರು, ಲಾಭ ಬಾಚುವುದು ಇನ್ನೆಲ್ಲೋ ಇರುವ ಕಾರ್ಖಾನೆ. ಸರಿಯಾದ ಕೈಗಾರಿಕಾ ಪ್ರದೇಶದಲ್ಲಿ, ಆಮ್ಲ ಕ್ಷಾರಗಳನ್ನು ಮರುಬಳಸುವ, ತ್ಯಾಜ್ಯ ನೀರನ್ನು ಸಂಸ್ಕರಿಸುವ ವ್ಯವಸ್ಥೆಯೊಂದಿಗೆ, ಇಡೀ ಕರಾವಳಿಯ ಸಿಪ್ಪೆಯನ್ನು ಸೇರಿಸಿಕೊಂಡು ಒಂದು ದೊಡ್ಡ ಘಟಕ ನಿಂತರೆ ಅದನ್ನು ವಿರೋಧಿಸಲು ಕಾರಣವಿಲ್ಲ. ಸ್ವಸಹಾಯ ಸಂಘದಿಂದ ಅದು ಆಗದು ಎಂಬುದನ್ನು ಒಪ್ಪುತ್ತೇನೆ; ಜಿಲ್ಲೆಯಿಂದಲೇ ಆಗದು ಎಂಬುದನ್ನು ಒಪ್ಪುವುದಿಲ್ಲ.

ಘಟ್ಟ ಹತ್ತಿಸುವ ಯೋಜನೆಗೂ ಅಡ್ಡಿಗಳಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಸಿಪ್ಪೆಯೇ ಇರುವುದಿಲ್ಲ. ಆಗಸ್ಟಿನಲ್ಲಿ ಸಿಗಡಿ ಬರುತ್ತದೆ, ಬಿಸಿಲು ಬರುವುದಿಲ್ಲ. ಮತ್ತು ಅರ್ಧ ಒಣಗಿದ ಸಿಪ್ಪೆ ತುಂಬಿದ ಲಾರಿಯ ಹಿಂದೆ ಘಟ್ಟದ ತಿರುವುಗಳಲ್ಲಿ ಬೈಕ್ ಓಡಿಸುವವರನ್ನು ಸ್ವಲ್ಪ ನೆನೆಯಿರಿ.

ಅಘನಾಶಿನಿ ತೀರ ಬರೆದದ್ದು:

ದೊಡ್ಡ ಘಟಕದ ಮಾತನ್ನು ತ್ಯಾಜ್ಯ ನೀರಿನ ನಕ್ಷೆ ಕೈಗೆ ಬಂದ ದಿನ ಮಾತನಾಡೋಣ. ಸಿಪ್ಪೆ ಒಣಗಿಸುವುದಕ್ಕೆ ನನ್ನ ತಕರಾರಿಲ್ಲ, ಒಣಗಿಸುವ ಮೊದಲು ತೊಳೆದ ನೀರನ್ನು ತೋಡಿಗೆ ಬಿಡದೆ ತೆಂಗಿನ ಮರಗಳಿಗೆ ಬಿಟ್ಟರೆ ಸಾಕು.

ಬಂದರುಬದಿ (ಕಾರವಾರ) ಬರೆದದ್ದು:

ಸಂಘದ ಸಭೆಯಲ್ಲಿ ಈ ಚರ್ಚೆಯನ್ನು ಓದಿ ಹೇಳಿದೆ. ಅತಿ ಹೆಚ್ಚು ಮಾತಾದದ್ದು ಕೈಟಿನ್ ಬಗ್ಗೆ ಅಲ್ಲ, ಸಮಯದ ಬಗ್ಗೆ. ಸುಲಿಯುವ ಹೆಂಗಸರಿಗೆ ಕೂಲಿ ಸಿಗುವುದು ಸುಲಿದ ಸಿಗಡಿಯ ತೂಕಕ್ಕೆ. ಸಿಪ್ಪೆಯನ್ನು ಬೇರೆ ಬುಟ್ಟಿಗೆ ಹಾಕಿ, ತೊಳೆದು, ಹರಡಿ, ತಿರುವಿ ಹಾಕುವ ಕೆಲಸಕ್ಕೆ ಕೂಲಿ ಯಾರು ಕೊಡುತ್ತಾರೆ ಎಂದು ಹಿರಿಯರೊಬ್ಬರು ಕೇಳಿದರು. ಆ ಪ್ರಶ್ನೆಗೆ ಯೋಜನಾ ವರದಿಯಲ್ಲೂ ಉತ್ತರವಿಲ್ಲ, ಇಲ್ಲಿಯವರೆಗಿನ ನಮ್ಮ ಚರ್ಚೆಯಲ್ಲೂ ಇರಲಿಲ್ಲ.

ಕೊನೆಗೆ ತೀರ್ಮಾನವಾದದ್ದು ಹೀಗೆ. ಸಾಲದ ಅರ್ಜಿಗೆ ಸಹಿ ಹಾಕುವುದಿಲ್ಲ. ಅಕ್ಟೋಬರಿನಿಂದ ಮೇವರೆಗೆ ಮಾತ್ರ, ಮೀನು ಒಣಗಿಸುವ ಹಾಗೆ ನೆಲದಿಂದ ಎತ್ತರಿಸಿದ ಬಲೆಯ ಮೇಲೆ ಸಿಪ್ಪೆ ಒಣಗಿಸುತ್ತೇವೆ, ಮರಳಿನ ಮೇಲೆ ಹರಡುವುದಿಲ್ಲ. ಸಿಪ್ಪೆ ಒಣಗಿಸುವ ಕೆಲಸಕ್ಕೆ ಸಂಘದಿಂದ ಬೇರೆಯೇ ಕೂಲಿ, ಮಾರಾಟದ ಹಣದಿಂದ ಅದನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಲಾಭವೆಂದು ಕರೆಯುವುದು. ತಲೆಗಳಲ್ಲಿ ತೇವ ಹೆಚ್ಚು, ಬೇಗ ಕೊಳೆಯುತ್ತವೆ. ಅವುಗಳನ್ನು ಬೇರ್ಪಡಿಸಿ ಈಗಿನಂತೆ ಅದೇ ದಿನ ಫಿಶ್‌ಮಿಲ್‌ಗೆ ಕೊಡುವುದು. ಮೇಷ್ಟ್ರೇ, ಎಷ್ಟು ಒಣಗಿದರೆ ಸಾಕು ಎಂಬುದನ್ನು ಉಪಕರಣವಿಲ್ಲದೆ ತಿಳಿಯುವ ದಾರಿ ಇದೆಯೇ?

ರಸಾಯನಪಾಠ (ಕುಮಟಾ) ಬರೆದದ್ದು:

ತೇವ ಶೇ. 10ಕ್ಕಿಂತ ಕಡಿಮೆಯಾದರೆ ಬೂಷ್ಟು ಹಿಡಿಯುವುದಿಲ್ಲ. ಒಂದು ಹಿಡಿ ಸಿಪ್ಪೆಯನ್ನು ತೂಗಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕರಿಯಾಗದಂತೆ ಬಿಸಿ ಮಾಡಿ, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿರಿ. ನೂರು ಗ್ರಾಮು ತೊಂಬತ್ತಕ್ಕಿಂತ ಕೆಳಗೆ ಇಳಿದರೆ ಇನ್ನೂ ಬಿಸಿಲು ಬೇಕು ಎಂದರ್ಥ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕಾಗುತ್ತದೆ. ಮರಳು ಸೇರಿದೆಯೇ ಎಂದು ನೋಡಲು ಒಂದು ಚಮಚ ಪುಡಿಯನ್ನು ಲೋಟದ ನೀರಿಗೆ ಹಾಕಿ ಕಲಕಿರಿ, ಮರಳು ಮೊದಲು ತಳಕ್ಕೆ ಬೀಳುತ್ತದೆ. ಹೀಗೆ ಒಣಗಿದ ಸಿಪ್ಪೆಯ ಒಂದು ಪಾಲನ್ನು ಕೈಟಿನ್ ಕಾರ್ಖಾನೆಯವರಿಗೂ ಮಾದರಿ ಕಳಿಸಿ ದರ ಕೇಳಬಹುದು. ತೋಟಕ್ಕೆ ಒಪ್ಪುವ ಸರಕನ್ನೇ ಅವರೂ ಕೊಳ್ಳುವುದು, ಎರಡು ಕಡೆಯ ದರ ಗೊತ್ತಿದ್ದರೆ ಮಾತುಕತೆಯಲ್ಲಿ ನಿಮ್ಮ ಕೈ ಮೇಲಿರುತ್ತದೆ.

ಹುಲೇಕಲ್ ತೋಟ (ಶಿರಸಿ) ಬರೆದದ್ದು:

ನಮ್ಮ ಕಡೆಯ ಆರೇಳು ತೋಟದವರು ಒಪ್ಪಿದ್ದಾರೆ. ಮೊದಲು ಮಣ್ಣು ಪರೀಕ್ಷೆ ಮಾಡಿಸುತ್ತೇವೆ, ಹುಳಿ ಇಲ್ಲದ ಮಣ್ಣಿಗೆ ಸುಣ್ಣದ ಅಂಶ ಸುರಿಯುವುದರಲ್ಲಿ ಅರ್ಥವಿಲ್ಲ. ಬೇರುಬುಡದವರ ಸಲಹೆಯಂತೆ ಒಂದು ಸಾಲಿನ ಮೆಣಸಿನ ಬಳ್ಳಿಗೆ ಹಾಕಿ, ಪಕ್ಕದ ಸಾಲನ್ನು ಹಾಗೆಯೇ ಬಿಟ್ಟು ನೋಡುತ್ತೇವೆ. ಗೊಬ್ಬರ ಹಾಕುವ ಕಾಲ ನಮ್ಮಲ್ಲಿ ಒಂದು ಮಳೆಗಾಲದ ಮೊದಲು, ಇನ್ನೊಂದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಆದ್ದರಿಂದ ಏಪ್ರಿಲ್ ಕೊನೆಯೊಳಗೆ ಮೊದಲ ಸರಕು ಮುಟ್ಟಬೇಕು.

ವ್ಯವಹಾರದ ಮಾತು ಇಷ್ಟು. ಪುಡಿ ಮಾಡುವ ಖರ್ಚು ನಮ್ಮದು, ಹಿಟ್ಟಿನ ಗಿರಣಿಯಲ್ಲಿ ಯಾರೂ ಇದನ್ನು ಬೀಸಿಕೊಡುವುದಿಲ್ಲವಾದ್ದರಿಂದ ಮೇವು ಕತ್ತರಿಸಿ ಪುಡಿ ಮಾಡುವ ಯಂತ್ರದಲ್ಲಿ ಪ್ರಯತ್ನಿಸುತ್ತೇವೆ. ಸಾಗಾಟಕ್ಕೆ ಬೇರೆ ಲಾರಿ ಬೇಡ. ಶಿರಸಿಯಿಂದ ಕರಾವಳಿಗೆ ಸರಕು ಇಳಿಸಿ ಖಾಲಿ ಹಿಂದಿರುಗುವ ವಾಹನಗಳಿವೆ, ಅವುಗಳಲ್ಲಿ ತಾಡಪಾಲು ಮುಚ್ಚಿ ರಾತ್ರಿ ಕಳಿಸಿದರೆ ಹೊನ್ನಾವರದವರ ಬೈಕಿಗೂ ತೊಂದರೆಯಾಗದು. ಬಾಡಿಗೆಯನ್ನು ಅರ್ಧ ಅರ್ಧ ಹಂಚಿಕೊಳ್ಳೋಣ. ತೂಕ ಶಿರಸಿಯಲ್ಲಿ ಆಗಬೇಕು, ಬಾಣಲೆಯ ಪರೀಕ್ಷೆಯನ್ನು ಎರಡೂ ಕಡೆಯವರ ಎದುರಿನಲ್ಲಿ ಮಾಡಬೇಕು, ಮರಳು ಬಂದ ಚೀಲ ನಿಮ್ಮ ಖರ್ಚಿನಲ್ಲಿ ಹಿಂದಿರುಗುತ್ತದೆ. ಇದಕ್ಕೆ ಸಂಘದವರು ಒಪ್ಪಿದರೆ ಚೀಲವೊಂದಕ್ಕೆ ಏನು ದರ ಹೇಳುತ್ತೀರಿ ಎಂಬುದನ್ನು ಖಾಸಗಿಯಾಗಿ ತಿಳಿಸಿರಿ.